ಒಂದು ಪೆಟ್ಟಿಗೆಗೆ ಎಷ್ಟು ಬಾಯಿ?

ಗದಗಿನ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ, ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆ, ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಯ ಉತ್ಸವಗಳು, ಬೆಟಗೇರಿಯ ಓಣಿಗಳ ಗಣಪತಿ, ಇವಲ್ಲದೆ ಊರೂರಿನ ಪುರಾಣ-ಪ್ರವಚನ, ನಾಟಕ, ಮದುವೆ. ಈ ಭಾಗದಲ್ಲಿ ಮೈಕ್ ಸೆಟ್ ಗೊತ್ತುಮಾಡುವ ಮಾತು ವರ್ಷವಿಡೀ ನಡೆದೇ ಇರುತ್ತದೆ. ಆ ಮಾತಿನಲ್ಲಿ ಬಾಡಿಗೆಗಿಂತಲೂ ಮೊದಲು ಬರುವ ಪ್ರಶ್ನೆ ಒಂದಿದೆ: "ಎಷ್ಟ್ ಬಾಕ್ಸ್ ತರ್ತೀರಿ?" ಎಂಟು ಬಾಕ್ಸ್ ಎಂದವನಿಗಿಂತ ಹನ್ನೆರಡು ಎಂದವನು ದೊಡ್ಡವನಾಗುತ್ತಾನೆ. ಅಂಗಡಿಯಲ್ಲಿ ಮನೆಗೆ ಸ್ಪೀಕರ್ ಕೊಳ್ಳುವಾಗಲೂ ನಮ್ಮ ಲೆಕ್ಕ ಹೀಗೆಯೇ. ಪೆಟ್ಟಿಗೆಯ ಮುಖದಲ್ಲಿ ಮೂರು ದುಂಡುಗಳು ಕಂಡರೆ ಎರಡು ಇರುವುದಕ್ಕಿಂತ ಅದು ಒಳ್ಳೆಯದೆಂದು ಕೈ ಅದರ ಕಡೆಗೇ ಹೋಗುತ್ತದೆ.

ಈ ಎಣಿಕೆ ಪೂರಾ ಸುಳ್ಳಲ್ಲ. ಆದರೆ ಹನ್ನೆರಡು ಬಾಕ್ಸ್ ಇಟ್ಟ ಬಯಲಿನಲ್ಲಿಯೇ ಕೊನೆಯ ಸಾಲಿನ ಅಜ್ಜಿಯೊಬ್ಬಳು ಪಕ್ಕದವಳನ್ನು "ಏನಂದ್ರು ಸ್ವಾಮಿಗಳು?" ಎಂದು ಕೇಳುತ್ತಿರುತ್ತಾಳೆ. ಸದ್ದು ಅವಳಿಗೆ ಧಾರಾಳವಾಗಿ ತಲುಪಿದೆ, ಮಾತು ಮಾತ್ರ ತಲುಪಿಲ್ಲ. ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಪೆಟ್ಟಿಗೆಯೊಳಗಿನ ಸ್ಪೀಕರುಗಳ ಸಂಖ್ಯೆ ಏಕೆ ಹೆಚ್ಚುತ್ತದೆ, ಹೆಚ್ಚಿದಾಗ ಏನೇನು ಕೆಡುತ್ತದೆ ಎಂಬುದನ್ನು ನೋಡಬೇಕು. ಪರದೆಯ ಮೇಲಿನ ಮಾತುಕತೆಯಲ್ಲಿ ಲೆಕ್ಕಗಳಿಗೆ ಸಮಯ ಸಿಗುವುದಿಲ್ಲ. ಅವನ್ನು ಇಲ್ಲಿ ಕೊಟ್ಟಿದೆ. ಕಾಗದ, ಪೆನ್ಸಿಲ್ ಹಿಡಿದುಕೊಂಡೇ ಓದಿರಿ.

ಮೊದಲು ಒಂದು ಪದದ ವಿಚಾರ. ಪೆಟ್ಟಿಗೆಯೊಳಗೆ ಅದುರಿ ಸದ್ದು ಹೊರಡಿಸುವ ಒಂದೊಂದು ಭಾಗಕ್ಕೂ ತಂತ್ರಜ್ಞರು 'ಡ್ರೈವರ್' ಎನ್ನುತ್ತಾರೆ. ಬಸ್ಸಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ. ಗಾಳಿಯನ್ನು ತಳ್ಳುವವನು ಎಂದು ತಿಳಿದರೆ ಸಾಕು. ಇದರಲ್ಲಿ ಒಂದು ಬಲವಾದ ಅಯಸ್ಕಾಂತ, ಅದರ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು ಇರುತ್ತವೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಹಿಂದೆ ಮುಂದೆ ಆದಂತೆ ಶಂಕುವೂ ಹಿಂದೆ ಮುಂದೆ ಚಲಿಸುತ್ತದೆ, ಗಾಳಿ ಅದುರುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಈ ವಿನ್ಯಾಸವನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಕಾಗದ, ಅಂಟು, ಅಯಸ್ಕಾಂತ ಎಲ್ಲವೂ ಸುಧಾರಿಸಿವೆ. ಮೂಲ ತತ್ವ ಮಾತ್ರ ಅದೇ.

ಹಾಗಾದರೆ ಒಂದೇ ಶಂಕು ಸಾಲದೇಕೆ? ಮನುಷ್ಯನ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಸದ್ದನ್ನು ಕೇಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 20 ಹರ್ಟ್ಜ್‌ನ ಅಲೆ 17 ಮೀಟರ್ ಉದ್ದ. 20,000 ಹರ್ಟ್ಜ್‌ನದು 1.7 ಸೆಂಟಿಮೀಟರ್. ಒಂದು ಬಸ್ಸಿಗಿಂತ ಉದ್ದನೆಯದು, ಒಂದು ಹುಣಸೆಬೀಜದಷ್ಟು ಚಿಕ್ಕದು, ಎರಡನ್ನೂ ಒಂದೇ ಕಾಗದ ಹುಟ್ಟಿಸಬೇಕು.

ತಗ್ಗು ಸ್ವರಕ್ಕೆ ಬೇಕಾದುದು ಬಹಳ ಗಾಳಿ. ಒಂದೇ ಪ್ರಮಾಣದ ಸದ್ದು ಬರಬೇಕಾದರೆ ಆವೃತ್ತಿ ಅರ್ಧವಾದಾಗಲೆಲ್ಲ ಶಂಕು ನಾಲ್ಕರಷ್ಟು ದೂರ ಚಲಿಸಬೇಕು. 1,000 ಹರ್ಟ್ಜ್‌ನಿಂದ 50 ಹರ್ಟ್ಜ್‌ಗೆ ಇಳಿದರೆ ಆವೃತ್ತಿ 20ರಲ್ಲಿ ಒಂದು ಪಾಲಾಯಿತು. ಚಲನೆ 20ರ ವರ್ಗ, ಎಂದರೆ 400 ಪಟ್ಟು ಹೆಚ್ಚಾಗಬೇಕು! ಚಿಕ್ಕ ಶಂಕು ಅಷ್ಟು ದೂರ ಓಡಲಾರದು, ಓಡಿಸಿದರೆ ಹರಿಯುತ್ತದೆ. ಆದುದರಿಂದ ತಗ್ಗಿಗೆ ದೊಡ್ಡ ಶಂಕು ಬೇಕು.

ಆದರೆ ದೊಡ್ಡ ಶಂಕುವಿಗೆ ಬೇರೆ ರೋಗವಿದೆ. ಅದರ ಸುತ್ತಳತೆಗಿಂತ ಅಲೆ ಉದ್ದವಾಗಿರುವವರೆಗೆ ಸದ್ದು ಎಲ್ಲ ಕಡೆಗೂ ಹರಡುತ್ತದೆ. ಅಲೆ ಅದಕ್ಕಿಂತ ಚಿಕ್ಕದಾಗುತ್ತ ಹೋದಂತೆ ಸದ್ದು ಟಾರ್ಚಿನ ಬೆಳಕಿನಂತೆ ಮುಂದಕ್ಕೇ ಕೂಡಿಕೊಳ್ಳುತ್ತದೆ. 12 ಇಂಚಿನ ಸ್ಪೀಕರಿನಲ್ಲಿ ನಿಜವಾಗಿ ಚಲಿಸುವ ಭಾಗದ ಅಡ್ಡಳತೆ ಸುಮಾರು 26 ಸೆಂ.ಮೀ., ಸುತ್ತಳತೆ ಸುಮಾರು 82 ಸೆಂ.ಮೀ. ಅಷ್ಟು ಉದ್ದದ ಅಲೆಯ ಆವೃತ್ತಿ ಸುಮಾರು 415 ಹರ್ಟ್ಜ್. ಅಲ್ಲಿಂದ ಮೇಲಕ್ಕೆ ಕೂಡಿಕೊಳ್ಳುವುದು ಶುರು. ಒಂದೂವರೆ-ಎರಡು ಸಾವಿರಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಕುಳಿತವರಿಗೆ ಬಹಳಷ್ಟು ಕಳೆದುಹೋಗಿರುತ್ತದೆ. 'ಸ', 'ಶ', 'ತ', 'ಚ'ಗಳಂಥ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ 2,000 ಹರ್ಟ್ಜ್‌ಗಿಂತ ಮೇಲೆಯೇ. ಸ್ವರಾಕ್ಷರಗಳು ದಪ್ಪನಾಗಿ ಕೇಳಿ ವ್ಯಂಜನಗಳು ಮಾಯವಾದರೆ ಅಜ್ಜಿಗೆ 'ಆ ಊ ಓ' ಅಷ್ಟೇ ಉಳಿಯುತ್ತದೆ.

ಇದಕ್ಕೆ ನಮ್ಮ ಸಂಗೀತದವರು ಎಂದೋ ಪರಿಹಾರ ಕಂಡುಕೊಂಡಿದ್ದರು. ಪಂಚಾಕ್ಷರಿ ಗವಾಯಿಗಳೂ (1892-1944) ಅವರ ನಂತರ ಪುಟ್ಟರಾಜ ಗವಾಯಿಗಳೂ (1914-2010) ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿಯುವ ಹುಡುಗನ ಮುಂದೆ ಎರಡು ವಾದ್ಯ ಇರುತ್ತವೆ. ಎಡಗೈಗೆ ಅಗಲ ಬಾಯಿಯ ಡಗ್ಗಾ, ಬಲಗೈಗೆ ಕಿರುಬಾಯಿಯ ತಬಲಾ. ಗುಮ್ಮೆನ್ನುವುದಕ್ಕೂ ಟಣ್ಣೆನ್ನುವುದಕ್ಕೂ ಒಂದೇ ಚರ್ಮವನ್ನು ಹಿಂಸೆ ಮಾಡುವುದಿಲ್ಲ, ಕೆಲಸ ಹಂಚುತ್ತಾರೆ. ಪೆಟ್ಟಿಗೆಯೊಳಗಿನ ವೂಫರ್ ನಮ್ಮ ಡಗ್ಗಾ, ಟ್ವೀಟರ್ ನಮ್ಮ ತಬಲಾ.

ತಬಲಾವಾದಕನಿಗೆ ಯಾವ ಬೋಲು ಯಾವ ಕೈಗೆ ಎಂಬುದು ಗೊತ್ತು. ಪೆಟ್ಟಿಗೆಯಲ್ಲಿ ಆ ಹಂಚಿಕೆ ಮಾಡಲು 'ಕ್ರಾಸ್‌ಓವರ್' ಎಂಬ ಸರ್ಕೀಟು ಬೇಕು. ಕಂಡೆನ್ಸರ್ ಮೇಲಿನ ಆವೃತ್ತಿಗಳನ್ನು ಬಿಟ್ಟುಕೊಡುತ್ತದೆ, ಕೆಳಗಿನದನ್ನು ತಡೆಯುತ್ತದೆ. ತಂತಿ ಸುರುಳಿಯ ಗುಣ ಇದಕ್ಕೆ ವಿರುದ್ಧ. ಪಿಯುಸಿಯಲ್ಲಿ ಕಲಿತ ಸೂತ್ರವನ್ನೇ ಹಾಕಿ ನೋಡಿ. 8 ಓಮಿನ ಟ್ವೀಟರನ್ನು 3,000 ಹರ್ಟ್ಜ್‌ನಿಂದ ಮೇಲೆ ಕೆಲಸ ಮಾಡಿಸಲು ಬೇಕಾದ ಕಂಡೆನ್ಸರ್ ಸುಮಾರು 6.6 ಮೈಕ್ರೋಫ್ಯಾರಡ್, ವೂಫರಿಗೆ ಬೇಕಾದ ಸುರುಳಿ ಸುಮಾರು 0.42 ಮಿಲಿಹೆನ್ರಿ. ಅಗ್ಗದ ಪೆಟ್ಟಿಗೆ ಬಿಚ್ಚಿದರೆ ಸುರುಳಿ ಇರುವುದೇ ಇಲ್ಲ. ಟ್ವೀಟರಿನ ಬಾಲಕ್ಕೆ 2.2 ಮೈಕ್ರೋಫ್ಯಾರಡಿನ ಒಂದು ಕಂಡೆನ್ಸರ್ ಬೆಸುಗೆ ಹಾಕಿರುತ್ತಾರೆ. ಲೆಕ್ಕ ಮಾಡಿದರೆ ಆ ಟ್ವೀಟರ್ ಮೈತುಂಬಿ ಹಾಡುವುದು 9,000 ಹರ್ಟ್ಜ್‌ನ ಮೇಲೆ. ಎರಡು ಸಾವಿರದಿಂದ ಒಂಬತ್ತು ಸಾವಿರದವರೆಗಿನ, ಮಾತಿಗೆ ಜೀವವಾದ ಪಟ್ಟಿಯನ್ನು ಒಲ್ಲದ ವೂಫರೇ ಎಳೆದುಕೊಂಡು ಹೋಗಬೇಕು. ಎರಡು ಡ್ರೈವರ್ ಇವೆ ಎಂಬುದು ನಿಜ. ಕೆಲಸ ಹಂಚಿಕೆಯಾಗಿಲ್ಲ ಎಂಬುದೂ ನಿಜ.

ಸರಿಯಾಗಿ ಹಂಚಿದರೂ ಹೊಸ ತೊಡಕೊಂದು ಬರುತ್ತದೆ. ಹಂಚಿಕೆಯ ಗಡಿಯಲ್ಲಿ ಎರಡೂ ಡ್ರೈವರುಗಳು ಒಂದೇ ಸ್ವರವನ್ನು ಹಾಡುತ್ತಿರುತ್ತವೆ. ಗಡಿ 2,500 ಹರ್ಟ್ಜ್ ಎಂದಿಟ್ಟುಕೊಳ್ಳಿ. ಅಲೆಯ ಉದ್ದ ಸುಮಾರು 13.6 ಸೆಂ.ಮೀ. ಎರಡರ ನಡುಮಧ್ಯಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ನೇರ ಎದುರಿಗೆ ಕುಳಿತವನಿಗೆ ಎರಡೂ ಅಲೆಗಳು ಜೊತೆಯಾಗಿ ಬರುತ್ತವೆ. 30 ಡಿಗ್ರಿ ಓರೆಯಲ್ಲಿ ಇರುವವನಿಗೆ ಒಂದು ಅಲೆ ಅರ್ಧ ತರಂಗದೂರದಷ್ಟು ತಡವಾಗಿ ಬರುತ್ತದೆ. ಒಂದರ ಏರು ಇನ್ನೊಂದರ ಇಳಿವಿಗೆ ಸಿಕ್ಕು ಆ ಸ್ವರ ಅಳಿಸಿಹೋಗುತ್ತದೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಟ್ವೀಟರನ್ನು ವೂಫರಿನ ಪಕ್ಕದಲ್ಲಿಡದೆ ನೆತ್ತಿಯ ಮೇಲೆ ಇಟ್ಟಿರುವುದು ಇದಕ್ಕಾಗಿ. ಕೇಳುವವರು ಎಡಬಲಕ್ಕೆ ಹರಡಿ ಕೂರುತ್ತಾರೆ, ಮೇಲೆ ಕೆಳಗೆ ತೇಲುವುದಿಲ್ಲ. ಅಳಿಯುವ ಸ್ವರ ಯಾರೂ ಇಲ್ಲದ ಛಾವಣಿಯ ಕಡೆಗೆ ಅಳಿದುಹೋಗಲಿ ಎಂಬ ಉಪಾಯ. ಇಂಥ ಪೆಟ್ಟಿಗೆಯನ್ನು ಜಾಗ ಸಾಲದೆಂದು ಕಪಾಟಿನಲ್ಲಿ ಅಡ್ಡ ಮಲಗಿಸಿದರೆ ಉಪಾಯ ತಲೆಕೆಳಗಾಗುತ್ತದೆ.

ಮೂರನೆಯ ಡ್ರೈವರ್ ಸೇರಿಸಿದರೆ ಗಡಿಗಳು ಎರಡಾಗುತ್ತವೆ, ಕಂಡೆನ್ಸರು-ಸುರುಳಿಗಳು ಹೆಚ್ಚುತ್ತವೆ, ಅವುಗಳ ಖರ್ಚು ಡ್ರೈವರುಗಳ ಖರ್ಚಿಗೇ ಬಂದು ನಿಲ್ಲುತ್ತದೆ. ಲಾಭ ಇಲ್ಲವೆಂದಲ್ಲ. 500 ಹರ್ಟ್ಜ್‌ಗೊಂದು, 4,000 ಹರ್ಟ್ಜ್‌ಗೊಂದು ಗಡಿ ಹಾಕಿದ ಪೆಟ್ಟಿಗೆಯಲ್ಲಿ ಮಾತಿನ ಬಹುಭಾಗ ನಡುವಿನ ಒಂದೇ ಡ್ರೈವರಿನಿಂದ ಬರುತ್ತದೆ, ದೊಡ್ಡ ಶಂಕು ತಗ್ಗನ್ನು ನಿರಾಳವಾಗಿ ನೋಡಿಕೊಳ್ಳುತ್ತದೆ. ಆದರೆ ಬೆಲೆ ಒಂದೇ ಆದಾಗ ನನ್ನ ಒಲವು ಎರಡರ ಪೆಟ್ಟಿಗೆಯ ಕಡೆಗೇ. ಅದೇ ದುಡ್ಡಿನಲ್ಲಿ ಮೂರನ್ನು ತುರುಕಿದವನು ಎಲ್ಲಿಯೋ ಉಳಿತಾಯ ಮಾಡಿರಲೇಬೇಕು. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನುಗಳಂಥ ಇಕ್ಕಟ್ಟಿನ ಜಾಗಕ್ಕಾಗಿ ರೂಪಿಸಿದ 'ಎಲ್‌ಎಸ್ 3/5ಎ' ಎಂಬ ಪೆಟ್ಟಿಗೆ ಸುಮಾರು 30 ಸೆಂ.ಮೀ. ಎತ್ತರದ್ದು. ಒಳಗಿದ್ದವು ಎರಡೇ ಡ್ರೈವರ್, ಗಡಿ ಸುಮಾರು 3,000 ಹರ್ಟ್ಜ್‌ನಲ್ಲಿ. ಮನುಷ್ಯರ ಮಾತು ಮನುಷ್ಯರ ಮಾತಿನಂತೆಯೇ ಕೇಳುತ್ತದೆಂದು ಅದು ಹೆಸರು ಪಡೆಯಿತು. ಅದರಲ್ಲಿ ಡೊಳ್ಳು ಬಾರಿಸಿ ಊರನ್ನು ಕುಣಿಸುವುದು ಸಾಧ್ಯವಿಲ್ಲ; ಅದಕ್ಕೆಂದು ಮಾಡಿದ್ದೂ ಅಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕದ 'ಬೋಸ್ 901' ಇದೆ. 1968ರಲ್ಲಿ ಬಂದ ಈ ಪೆಟ್ಟಿಗೆಯಲ್ಲಿ ಒಂದೇ ಅಳತೆಯ ಒಂಬತ್ತು ಚಿಕ್ಕ ಡ್ರೈವರುಗಳು, ಎಂಟು ಹಿಂದಿನ ಗೋಡೆಗೆ ಮುಖಮಾಡಿ, ಒಂದು ಮಾತ್ರ ಮುಂದಕ್ಕೆ. ಒಳಗೆ ಕ್ರಾಸ್‌ಓವರೇ ಇಲ್ಲ. ಡ್ರೈವರುಗಳನ್ನು ಎಣಿಸಿ ಪೆಟ್ಟಿಗೆಯ ಯೋಗ್ಯತೆ ಹೇಳಲು ಬರುವುದಿಲ್ಲ ಎಂಬುದಕ್ಕೆ ಈ ಎರಡೇ ಸಾಕು.

ಹಳೆಯ ಜಾತ್ರೆಯ ತುತ್ತೂರಿಯಾಕಾರದ ಹಾರ್ನ್ ಒಂದೇ ಬಾಯಿಯದು. ಹಿಂದೆ ತಿರುಪಿನಿಂದ ಕೂರಿಸುವ 'ಯೂನಿಟ್' ಅದರ ಡ್ರೈವರ್. ಮನೆಯ ಸ್ಪೀಕರು ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಸುಮಾರು ನೂರರಲ್ಲಿ ಒಂದು ಪಾಲನ್ನು ಮಾತ್ರ ಸದ್ದಾಗಿಸಿದರೆ ಹಾರ್ನ್ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಸದ್ದು ಕೊಡುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರಿನಲ್ಲಿಯೂ ಊರಾಚೆಗೆ ಕೇಳುವುದು ಈ ಗುಣದಿಂದ. ಆದರೆ ಅದರ ಹರವು ಸುಮಾರು 300ರಿಂದ 6,000 ಹರ್ಟ್ಜ್. ಮಾತಿಗೆ ಹೇಗೋ ಸಾಕು. ಇಂದಿನ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಗಾಯನವನ್ನು ಹಾರ್ನಿನಲ್ಲಿ ಹಾಕಿದರೆ ಡಗ್ಗಾ ಕಾಣೆಯಾಗುತ್ತದೆ, ತಂಬೂರಿಯ ಖರ್ಜ ಕಾಣೆಯಾಗುತ್ತದೆ, ಉಳಿದದ್ದು ತಗಡಿನ ಭೀಮಸೇನ.

ಈವರೆಗೆ ಹೇಳಿದ್ದು ಬೇರೆ ಬೇರೆ ಅಳತೆಯ ಡ್ರೈವರುಗಳ ಕಥೆ. ಒಂದೇ ಬಗೆಯವನ್ನು ಹಲವು ಇಟ್ಟರೆ? "ಎಷ್ಟು ಬಾಕ್ಸ್" ಎಂಬುದು ನಿಜವಾಗಿ ಈ ಪ್ರಶ್ನೆ. ಒಂದರ ಪಕ್ಕದಲ್ಲಿ ಅಂಥದೇ ಇನ್ನೊಂದನ್ನಿಟ್ಟು ಅದಕ್ಕೂ ಅಷ್ಟೇ ವಿದ್ಯುತ್ತು ಕೊಟ್ಟರೆ, ಅಲೆಗಳು ಜೊತೆಗೂಡಿದ ಕಡೆ 6 ಡೆಸಿಬೆಲ್ ಹೆಚ್ಚುತ್ತದೆ. ಕಿವಿಗೆ 'ಎರಡರಷ್ಟು ಜೋರು' ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಎಂದರೆ ಬಾಕ್ಸ್ ಇಮ್ಮಡಿಸಿದರೆ ಜೋರು ಇಮ್ಮಡಿಸುವುದಿಲ್ಲ, ಬಾಡಿಗೆ ಮಾತ್ರ ಇಮ್ಮಡಿಸುತ್ತದೆ.

'ಜೊತೆಗೂಡಿದ ಕಡೆ' ಎಂಬ ಮಾತನ್ನು ಗಮನಿಸಿ. 60 ಹರ್ಟ್ಜ್‌ನ ಅಲೆ ಐದೂವರೆ ಮೀಟರಿಗೂ ಉದ್ದ. ನಾಲ್ಕು ಬಾಸ್ ಪೆಟ್ಟಿಗೆಗಳನ್ನು ಒತ್ತಿ ಜೋಡಿಸಿದರೆ ಆ ಅಲೆಗೆ ಅವು ಒಂದೇ ದೊಡ್ಡ ಶಂಕುವಿದ್ದಂತೆ. ಬಾಸ್‌ಗೆ ಒಗ್ಗಟ್ಟಿನಲ್ಲಿ ಬಲವಿದೆ. ಮೇಲಿನ ಸ್ವರಗಳಿಗೆ ಇದೇ ಮುಳುವು. ಎರಡು ಬಾಕ್ಸುಗಳನ್ನು ಒಂದು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಟ್ಟಿದೆ ಎನ್ನಿ. ನಡುಗೆರೆಯಿಂದ ಬರಿಯ 10 ಡಿಗ್ರಿ ಪಕ್ಕಕ್ಕೆ, ದೂರದಲ್ಲಿ ಕುಳಿತವನಿಗೆ ಎರಡರ ದಾರಿಯಲ್ಲಿ ಸುಮಾರು 17 ಸೆಂ.ಮೀ. ವ್ಯತ್ಯಾಸ ಬರುತ್ತದೆ. 17 ಸೆಂ.ಮೀ. ಎಂದರೆ 1,000 ಹರ್ಟ್ಜ್‌ನ ಅರ್ಧ ಅಲೆ. ಆ ಸ್ವರ ಅವನಿಗೆ ಇಲ್ಲ. 3,000 ಇಲ್ಲ, 5,000 ಇಲ್ಲ. ನಡುವಿನ 2,000, 4,000 ಹರ್ಟ್ಜ್‌ಗಳು ಉಬ್ಬಿ ಬರುತ್ತವೆ. ನಕ್ಷೆ ಬರೆದರೆ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಹಲ್ಲುಗಳ ಜಾಗ ಬೇರೆ. ವೇದಿಕೆಯ ಎರಡೂ ಕಡೆ ಆರಾರು ಬಾಕ್ಸುಗಳನ್ನು ಗೋಡೆಯಂತೆ ಕಟ್ಟಿದರೆ ಇಂಥ ಬಾಚಣಿಗೆಗಳು ಒಂದರ ಮೇಲೊಂದು ಬೀಳುತ್ತವೆ. ಅಜ್ಜಿಯ ಕಷ್ಟದ ಮೂಲ ಬಹಳಷ್ಟು ಸಲ ಇಲ್ಲಿದೆ.

ಹಾಗೆಂದು ಹಲವು ಡ್ರೈವರುಗಳ ಜೋಡಣೆಯೇ ತಪ್ಪಲ್ಲ. ಅಡ್ಡ ಜೋಡಿಸುವುದು ತಪ್ಪು. ಆರೆಂಟು ಡ್ರೈವರುಗಳನ್ನು ಒಂದರ ಮೇಲೊಂದು ನಿಲ್ಲಿಸಿದ 'ಕಾಲಂ ಸ್ಪೀಕರ್' ಶಾಲೆ, ಪ್ರಾರ್ಥನಾ ಮಂದಿರ, ಸಭಾಭವನಗಳಲ್ಲಿ ನೀವು ಕಂಡದ್ದೇ. ಎಡಬಲಕ್ಕೆ ಅದು ಒಂದೇ ಡ್ರೈವರಿನಷ್ಟು ಅಗಲವಾಗಿ ಹರಡುತ್ತದೆ. ಮೇಲೆ-ಕೆಳಗೆ ಮಾತ್ರ ಅಲೆಗಳು ಪರಸ್ಪರ ಅಳಿಸಿಕೊಂಡು ಸದ್ದು ತೆಳ್ಳನೆಯ ಹಾಳೆಯಂತಾಗುತ್ತದೆ. ಛಾವಣಿಗೆ ಬಡಿದು ಗದ್ದಲವಾಗುವ ಸದ್ದು ಕಡಿಮೆ, ಜನರ ಕಿವಿಗೆ ಹೋಗುವುದು ಹೆಚ್ಚು. ಒಂದೇ ಬಿಂದುವಿನಿಂದ ಹೊರಟ ಸದ್ದು ದೂರ ಇಮ್ಮಡಿಸಿದಾಗಲೆಲ್ಲ 6 ಡೆಸಿಬೆಲ್ ಇಳಿದರೆ, ಉದ್ದನೆಯ ಸಾಲಿನದು ಹತ್ತಿರದ ವಲಯದಲ್ಲಿ 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಹಿಂದಿನ ಸಾಲಿಗೆ ಕೇಳಿಸಲು ಮುಂದಿನ ಸಾಲಿನ ಕಿವಿ ಹರಿಯಬೇಕಾಗಿಲ್ಲ. ಇಷ್ಟು ಚೆಂದದ ಉಪಕರಣವನ್ನು ಎಷ್ಟೋ ಸಭಾಭವನಗಳಲ್ಲಿ ಅಂದಕ್ಕಾಗಿ ವೇದಿಕೆಯ ನೆತ್ತಿಯ ಮೇಲೆ ತೊಲೆಯಂತೆ ಅಡ್ಡ ಮಲಗಿಸಿ ಮೊಳೆ ಹೊಡೆದಿರುತ್ತಾರೆ. ಆಗ ಹಾಳೆ ಲಂಬವಾಗಿ ನಿಂತು ಛಾವಣಿ, ನೆಲ ಎರಡಕ್ಕೂ ಧಾರಾಳವಾಗಿ ಬಡಿಯುತ್ತದೆ. ಎಡಬಲದ ಬೆಂಚುಗಳಿಗೆ ಉಪವಾಸ. ದುಡ್ಡು ಖರ್ಚಿಲ್ಲದೆ ಏಣಿ ಹತ್ತಿ ಸರಿಪಡಿಸಬಹುದಾದ ದೋಷವಿದು.

ದೊಡ್ಡ ಸಮಾವೇಶಗಳಲ್ಲಿ ಕ್ರೇನಿನಿಂದ ಬಾಳೆಗೊನೆಯಂತೆ ಬಾಗಿಸಿ ತೂಗಿಸುವ 'ಲೈನ್ ಅರೇ' ಈ ಕಾಲಮ್ಮಿನ ಮೊಮ್ಮಗ. ಸಾಲಿನಲ್ಲಿರುವ ಡ್ರೈವರುಗಳ ಅಂತರ ಅರ್ಧ ಅಲೆಗಿಂತ ಹೆಚ್ಚಾದರೆ ಹಾಳೆ ಹರಿದು ಚೂರಾಗುತ್ತದೆ. 10,000 ಹರ್ಟ್ಜ್‌ನ ಅರ್ಧ ಅಲೆ 1.7 ಸೆಂ.ಮೀ.; ಅಷ್ಟು ಹತ್ತಿರ ಶಂಕುಗಳನ್ನು ಇಡಲು ಜಾಗವೆಲ್ಲಿ? ಫ್ರಾನ್ಸಿನ ಭೌತವಿಜ್ಞಾನಿ ಕ್ರಿಸ್ಟಿಯನ್ ಹೈಲ್ ಮೇಲಿನ ಸ್ವರಗಳನ್ನು ವಿಶೇಷ ಕೊಳವೆಯ ಮೂಲಕ ಹಾಯಿಸಿ ಸಂದಿಲ್ಲದ ಪಟ್ಟಿಯಾಗಿ ಹೊರಡಿಸುವ ವಿಧಾನ ಕಂಡುಹಿಡಿದರು. 1990ರ ದಶಕದ ಆರಂಭದಲ್ಲಿ ಬಂದ ಅವರ 'ವಿ-ಡಾಸ್ಕ್' ವ್ಯವಸ್ಥೆಯಿಂದ ಇಂದಿನ ಲೈನ್ ಅರೇ ಬೆಳೆಯಿತು. ನಮ್ಮ ಕಪ್ಪತಗುಡ್ಡದ ಸೀಮೆಯಲ್ಲಿ ಅದಕ್ಕೂ ಒಬ್ಬ ವೈರಿಯಿದ್ದಾನೆ, ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ದೂರದ ಸದ್ದಿನ ದಾರಿಯನ್ನೂ ಬಾಗಿಸುತ್ತದೆ.

ಇನ್ನು ಬೀದಿಯುದ್ದಕ್ಕೂ ಕಂಬ ಕಂಬಕ್ಕೆ ಹಾರ್ನ್ ಕಟ್ಟುವ ನಮ್ಮ ಪದ್ಧತಿ. ತಂತಿಯಲ್ಲಿ ವಿದ್ಯುತ್ತು ಎಲ್ಲ ಹಾರ್ನುಗಳಿಗೂ ಕ್ಷಣದಲ್ಲಿ ತಲುಪುತ್ತದೆ, ಗಾಳಿಯಲ್ಲಿ ಸದ್ದು ನಡೆದುಕೊಂಡೇ ಬರಬೇಕು. ಹತ್ತಿರದ ಹಾರ್ನಿಗಿಂತ 68 ಮೀಟರ್ ಹೆಚ್ಚು ದೂರದ ಹಾರ್ನಿನಿಂದ ಅದೇ ಮಾತು ಸೆಕೆಂಡಿನ ಐದನೆಯ ಒಂದು ಪಾಲು ತಡವಾಗಿ ಬರುತ್ತದೆ. ಮಾತನಾಡುವಾಗ ಒಂದು ಅಕ್ಷರಕ್ಕೆ ಹಿಡಿಯುವ ಸಮಯವೂ ಸುಮಾರು ಅಷ್ಟೇ. 'ಮಹಾಜನಗಳೇ' ಎಂಬುದರಲ್ಲಿ 'ಹಾ' ಮೇಲೆ ಹಳೆಯ 'ಮ' ಬಂದು ಕೂರುತ್ತದೆ. ಇಂದು ಇದಕ್ಕೆ ಉಪಾಯವಿದೆ: ದೂರದ ಸ್ಪೀಕರುಗಳಿಗೆ ಹೋಗುವ ಸಂಕೇತವನ್ನು ಸದ್ದಿನ ನಡಿಗೆಯಷ್ಟೇ ತಡಮಾಡುವ ಡಿಜಿಟಲ್ ಉಪಕರಣ. ಅದಿಲ್ಲದಿದ್ದರೆ ಹಾರ್ನುಗಳ ಸಂಖ್ಯೆ ಹೆಚ್ಚಿಸಿದಷ್ಟೂ ಗೊಂದಲ ಹೆಚ್ಚು. ಮೈಕಿಲ್ಲದ ಕಾಲದಲ್ಲಿ ಗದಗಿನ ಗರುಡ ಸದಾಶಿವರಾಯರಂಥ ಕಂಪನಿ ನಾಟಕದವರ ಮಾತನ್ನು ಜನ ಕೇಳಿದ್ದು ಒಂದೇ ಬಾಯಿಂದ, ಒಂದೇ ದಿಕ್ಕಿನಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಸಂಖ್ಯೆ ಹೆಚ್ಚಿಸುವ ಹುರುಪಿನಲ್ಲಿ ಆಂಪ್ಲಿಫೈಯರ್ ಸುಡುವುದೂ ಉಂಟು. 8 ಓಮಿನ ಎರಡನ್ನು ಸಮಾಂತರ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. ಹಲವು ಆಂಪ್ಲಿಫೈಯರುಗಳಿಗೆ 4 ಓಮೇ ಎಲ್ಲೆ. ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆ ಜೋಡಿಗಳನ್ನು ಸಮಾಂತರವಾಗಿಸಿದರೆ ಮತ್ತೆ 8 ಓಮಿಗೇ ಬರುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಕಾಣದು. ಎರಡರಲ್ಲಿ ಒಂದು ಸ್ಪೀಕರಿನ ತಂತಿ ಅದಲುಬದಲಾದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬಾಸ್ ಸತ್ತೇಹೋಗುತ್ತದೆ. 1.5 ವೋಲ್ಟಿನ ಒಂದು ಸೆಲ್ಲನ್ನು ವೂಫರಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿ ನೋಡಿ. ಸೆಲ್ಲಿನ ಧನ ತುದಿ ಸ್ಪೀಕರಿನ ಧನ ತುದಿಗೆ ತಾಗಿದಾಗ ಶಂಕು ಸಾಮಾನ್ಯವಾಗಿ ಮುಂದಕ್ಕೆ ಬರುತ್ತದೆ. ಎಲ್ಲ ವೂಫರುಗಳೂ ಒಂದೇ ಕಡೆಗೆ ಚಲಿಸಬೇಕು. ಟ್ವೀಟರಿಗೆ ಈ ಪರೀಕ್ಷೆ ಬೇಡ, ಅದು ನಾಜೂಕು.

ಮಾತು ಕೇಳಿಸದಿದ್ದಾಗ ಸಮಿತಿಯವರು ಸಾಮಾನ್ಯವಾಗಿ ಹೇಳುವುದು "ಇನ್ನಷ್ಟು ಜೋರ್ ಮಾಡ್ರಿ" ಎಂದು. ಬಾಚಣಿಗೆ ಎಷ್ಟು ದೊಡ್ಡದಾದರೂ ಹಲ್ಲಿನ ಸಂದು ತುಂಬುವುದಿಲ್ಲ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಕೇಳುತ್ತ ಬಂದರೆ ಕಿವಿಗೆ ಹಾನಿಯೆಂದು ತಜ್ಞರು ಎಣಿಸುತ್ತಾರೆ. ಸ್ಪೀಕರ್ ಗೋಡೆಯ ಮುಂದೆ ಕುಣಿಯುವ ಹುಡುಗರು ನಿಂತಿರುವುದು ಇದಕ್ಕಿಂತ ಬಹಳ ಮೇಲೆ, ಮತ್ತು ಒಳಗಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಚಿಗುರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿಟ್ಟಿವೆ. ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನಗಳ ಹೊರತು, ಧ್ವನಿವರ್ಧಕ ಕೂಡದು.

ನಿಮ್ಮ ಶಾಲೆ-ಕಾಲೇಜಿನ ಸಮಾರಂಭಕ್ಕೆ ಮುಂಚಿನ ದಿನ ಒಂದು ಪರೀಕ್ಷೆ ಮಾಡಬಹುದು. ಕಾಲು, ಪಾಲು, ಸಾಲು, ಹಾಲು, ತಾಳು, ಬಾಳು ಎಂಬಂಥ, ಒಂದೇ ವ್ಯಂಜನದಲ್ಲಿ ಬೇರೆಯಾಗುವ 25 ಪದಗಳ ಪಟ್ಟಿ ಮಾಡಿ, ಕ್ರಮ ಕೆಡಿಸಿ, ಒಬ್ಬರು ಮೈಕಿನಲ್ಲಿ ಓದಲಿ. ನಾಲ್ಕೈದು ಜನ ಕೊನೆಯ ಸಾಲಿನ ಬೇರೆ ಬೇರೆ ಜಾಗದಲ್ಲಿ ಕುಳಿತು ಕೇಳಿದ್ದನ್ನು ಬರೆದುಕೊಳ್ಳಲಿ. ಸರಿಯಾದವನ್ನು ಎಣಿಸಿರಿ. ಆಮೇಲೆ ಅರ್ಧದಷ್ಟು ಬಾಕ್ಸುಗಳ ತಂತಿ ಕಳಚಿ, ಇನ್ನೊಂದು ಪಟ್ಟಿ ಓದಿಸಿ ಮತ್ತೆ ಎಣಿಸಿರಿ. ಓದುವವರ ಮುಖ ಕೇಳುವವರಿಗೆ ಕಾಣಕೂಡದು. ತುಟಿ ನೋಡಿ ಊಹಿಸುವುದು ನಮಗೆ ಗೊತ್ತಿಲ್ಲದೆಯೇ ನಡೆದುಹೋಗುತ್ತದೆ.